ಮಂಡಕ್ಕಿ ಪೊಟ್ಟಣದಾಗೆ ಹೋದ ಹಟ್ಟಿ ಪದ

ಇದರಾಗೆ ಒಂದಕ್ಷರ ಸುಳ್ಳಿದ್ರೆ ನಾವು ಕುಂತಿರೋ ಈ ಬೆಂಚಿನ ಕಾಲು ಈಗಿಂದೀಗ್ಲೇ ಮುರೀಲಿ.

ಮುರೀಲಿಲ್ಲ. ನೋಡಿದ್ರಲ್ಲ? ಬೆಂಚೇ ಸಾಕ್ಷಿ ಹೇಳಿದ ಮ್ಯಾಲೆ ಇನ್ನು ಅನುಮಾನದ ಮಾತಿಲ್ಲ. ವೀರಬಸಪ್ನೋರೆ, ಚಾ ಆರ್ತತಿ, ಕುಡ್ಕಂತ ಕೇಳ್ರಿ.

ಶಿಕಾರಿಪುರದ ಬಸ್ ಸ್ಟ್ಯಾಂಡ್ ಹಿಂದ್ಗಡೆ ಶಶಿರೇಖಾ ಅನ್ನಾಕಿ ಒಂದು ಬೈಂಡಿಂಗ್ ಅಂಗಡಿ ಇಟ್ಟಾಳೆ. ಸೊರಬದ ಹೆಣ್ಮಗಳು. ಮಿಷನ್ನು ಗಿಷನ್ನು ಇಲ್ಲ, ಎಲ್ಲ ಕೈಯಾಗೇ. ಸೂಜಿ, ಮೇಣ ಹಚ್ಚಿದ ದಾರ, ಅಲಗು, ಆಳೆತ್ತರದ ಒಂದು ಕಬ್ಬಿಣದ ಪ್ರೆಸ್ಸು. ಕಾಲೇಜಿನ ಬೆನ್ನು ಮುರಿದ ಪುಸ್ತಕ, ಮಠದ ಹುಳ ಹೊಡೆದ ಪುರಾಣ, ಎಲ್ಲ ಅವಳ ಮೇಜಿಗೇ ಬರಾದು. ಹಾಳೆ ಉದುರೋ ಪುಸ್ತಕ ತಂದಿಟ್ರೆ ಆಕಿ ಕನ್ನಡಕ ಸರಿಮಾಡ್ಕಂಡು ಒಂದ್ಸಲ ನೋಡ್ತಾಳೆ. ಆ ನೋಟಕ್ಕೇ ಅರ್ಧ ಹಾಳೆ ಹೆದರಿ ತಮ್ತಮ್ಮ ಜಾಗಕ್ಕೆ ಹೋಗಿ ಕುಂತ್ಕಂತಾವೆ. ಉಳಿದರ್ಧಕ್ಕೆ ಮಾತ್ರ ದಾರ ಬೇಕು.

ಗಂಡ ಪರಶುರಾಮ, ಅಡಿಕೆ ಮಂಡಿಯಾಗೆ ತೂಕ ಹಾಕೋ ಕೆಲಸ. ಬಂಗಾರದಂಥ ಮನುಷ್ಯ. ಒಂದೇ ಚಟ, ಒರೆಸೋದು. ಕೈಗೆ ಒದ್ದೆ ಬಟ್ಟೆ ಸಿಕ್ರೆ ಅವನಿಗೆ ಮೈಮ್ಯಾಲೆ ಎಚ್ಚರ ಇರಂಗಿಲ್ಲ. ಒಂದ್ಸಲ ಅಂಗಡಿ ಮುಂದೆ ಕಟ್ಟಿದ್ದ ಕರೇ ಎಮ್ಮೆನ ಒರೆಸಿ ಒರೆಸಿ ಬೂದು ಬಣ್ಣಕ್ಕೆ ತಂದು ಬಿಟ್ಟಿದ್ದ. ಮಾಲೀಕ ಸಾಯಂಕಾಲ ಬಂದು, ಇದು ನಂದಲ್ಲ ಅಂತ ಬೇರೆ ಎಮ್ಮೆ ಹುಡುಕ್ಕಂತ ಹೋದ.

ಹೋದ ವರ್ಷದ ಆಯುಧ ಪೂಜೆ ದಿನ. ಶಶಿರೇಖಾ ಬೆಳಗಿನ ಬಸ್ಸಿಗೆ ಸೊರಬಕ್ಕೆ ಹೊಂಟಿದ್ಲು, ತವರುಮನೆಯಾಗೆ ಹುಣಸೆಬೀಜ ಹುರಿದು ಬೀಸಿಟ್ಟಿದ್ರು, ಅದರ ಹಿಟ್ಟು ತರಾಕೆ. ಅದು ಆಕಿ ಅಂಟು. ಚಪ್ಪಲಿ ಮೆಟ್ಕಂತ ಹೇಳಿದ್ಲು:

"ರೀ, ಅಂಗಡಿ ಪೂಜೆ ನೀವೇ ಮಾಡಿಬಿಡಿ. ಮೇಜಿನ ಮೇಲೆ ಗುತ್ಯಪ್ಪನ ಕಡತ ಬಿಚ್ಚಿಟ್ಟಿದೀನಿ, ಗಾಳಿ ಆಡ್ಲಿ ಅಂತ. ಅದರ ತಂಟೆಗೆ ಹೋಗಬೇಡಿ. ಮಧ್ಯಾಹ್ನ ಅವರು ತಗೊಂಡು ಹೋಗೋಕೆ ಬರ್ತಾರೆ, ಅಷ್ಟರೊಳಗೆ ಬಂದೆ."

ಕಡತ ಅಂದ್ರೆ ಈಗಿನ ಆಫೀಸಿನ ಕಡತ ಅಲ್ರೀ. ದಪ್ಪ ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಹಾರ್ಮೋನಿಯಂ ತಿದಿ ಇದ್ದಂಗೆ ಹಿಂದಕ್ಕೆ ಮುಂದಕ್ಕೆ ಮಡಚಿದ ಕರೇ ಪುಸ್ತಕ. ಬರೆಯಾದು ಬಳಪದಾಗೆ. ಮಡಚೋ ಸ್ಲೇಟು ಅಂತ ತಿಳ್ಕಳ್ರಿ. ಜೋಪಾನ ಮಾಡಿದ್ರೆ ತಲೆಮಾರುಗಟ್ಲೆ ಇರ್ತತಿ. ಒದ್ದೆ ಕೈ ತಾಗಿದ್ರೆ ಸ್ಲೇಟು ಸ್ಲೇಟೇ.

ಈ ಕಡತ ಸೊರಬದ ಆಚೆ ಕುರಿ ಹಟ್ಟಿಯ ಗುತ್ಯಪ್ಪಂದು. ಅವರ ಹಿರೀಕರು ಬರೆದ ಹಟ್ಟಿ ಪದ. ಪ್ರತಿ ವರ್ಷ ಬನ್ನಿ ದಿನ, ಅಂದ್ರೆ ಆಯುಧ ಪೂಜೆ ಮರುದಿನ, ಬೆಳಿಗ್ಗೆ ಮಂದೆ ಮುಂದೆ ನಿಂತು ಮನೆ ಯಜಮಾನ ಅದನ್ನ ಓದಬೇಕು, ಓದಿದ ಮ್ಯಾಲೇ ಕುರಿ ಹಟ್ಟಿ ದಾಟಬೇಕು. ಅದಕ್ಕೊಂದು ಕಟ್ಟಳೆ: ನೋಡಿ ಓದಬೇಕು. ಬಾಯಿಪಾಠ ಹೇಳಂಗಿಲ್ಲ. ಹಂಗಾಗಿ ಆ ಮನೆಯಾಗೆ ಒಬ್ರೂ ಅದನ್ನ ಬಾಯಿಪಾಠ ಕಲ್ತಿಲ್ಲ. ಕಲಿಯಾದೇ ತಪ್ಪು.

ಮಡಿಕೆ ಮಡಿಕೆಗೂ ಬಟ್ಟೆ ಬಿರಿದು ಇನ್ನೊಂದು ವರ್ಷಕ್ಕೆ ಪುಡಿಯಾಗೋ ಹಂಗಿತ್ತು. ಆದ್ರೂ ಗುತ್ಯಪ್ಪ ಕೊಡವಲ್ಲ. ಶಶಿರೇಖಾ ಹಟ್ಟಿಗೆ ಎಷ್ಟು ಸಲ ಓಡಾಡಿದ್ಲು ಅಂದ್ರೆ ನಾಯಿಗಳು ಬೊಗಳೋದು ಬಿಟ್ಟು ಎದ್ದು ಜಾಗ ಕೊಡಾಕೆ ಹತ್ತಿದ್ವು. ಕಡಿಗೆ ಆತ ಮಣಿದ. "ಕೊಡ್ತೀನಿ. ಫೋಟೋ ಹೊಡೆಯಂಗಿಲ್ಲ, ನಕಲು ಮಾಡಂಗಿಲ್ಲ. ಮಾತು ಕೊಡು," ಅಂದ. ಆಕಿ ಕೊಟ್ಲು. ಕೊಟ್ಟಂಗೇ ನಡ್ಕಂಡ್ಲು.

ಅಂದ್ರೆ ಆ ಪದ ಭೂಮಿ ಮ್ಯಾಲೆ ಇದ್ದಿದ್ದು ಆ ಮೇಜಿನ ಮ್ಯಾಲೆ ಮಾತ್ರ. ಅದರ ಪಕ್ಕದಾಗೆ ಪರಶುರಾಮ, ಬಕೆಟ್ಟು, ಒದ್ದೆ ಬಟ್ಟೆ.

ಪ್ರೆಸ್ಸು ಒರೆಸಿದ, ಕುಂಕುಮ ಇಟ್ಟ. ಅಲಗು ಒರೆಸಿದ, ಹೂ ಏರಿಸಿದ. ಸೂಜಿಗೂ ವಿಭೂತಿ ಹಚ್ಚಿದ, ಚುಚ್ಚಿಸ್ಕಂಡ. ಪೂಜೆ ಮಂಡಕ್ಕಿಗೆ ಬೆಲ್ಲ ಕಲಸಿ ಪೊಟ್ಟಣ ಕಟ್ಟಿ ಅಕ್ಕಪಕ್ಕದೋರಿಗೆ ಹಂಚಿ ಬಂದ. ಬಂದು ನೋಡ್ತಾನೆ, ಮೇಜಿನ ಮ್ಯಾಲೆ ಕಡತ ಒಂದೇ ಬರೇ ಹಣೆಯಾಗೆ ಕುಂತತಿ. ಎಲ್ಲಾದಕ್ಕೂ ವಿಭೂತಿ ಹಚ್ಚಿ ಅದೊಂದನ್ನ ಬಿಟ್ರೆ ಆಯುಧ ಪೂಜೆಯಾಗೆ ಅದಕ್ಕೆ ಅವಮಾನ ಅಲ್ವಾ? ಧೂಳು ಬ್ಯಾರೆ ಹಿಡಿದತಿ, ಬೆಳ್ಳಗೆ ಗೀಟು ಗೀಟು. ಕೈ ತಾನೇ ಹೋತು. ಬಿಚ್ಚಿದ್ದ ಮೂರೂ ಪುಟ ಎಣ್ಣೆ ಹಚ್ಚಿದ ತವಾ ಇದ್ದಂಗೆ ಮಿರಿಮಿರಿ ಮಿಂಚಂಗೆ ಒರೆಸಿದ. ಒಂದೊಂದಕ್ಕೂ ಮೂರು ಬೆರಳ ವಿಭೂತಿ ಎಳೆದು ನಡುವೆ ಕುಂಕುಮ ಇಟ್ಟ. ಕೈ ಮುಗಿದ. ಬಟ್ಟೆ ಹಿಂಡಾಕೆ ಹೋದ.

ಬಕೆಟ್ಟಿನ ನೀರು ಬೆಳ್ಳಗಾತು.

ಕರೇ ಬಟ್ಟೆ ಒರೆಸಿದ್ರೆ ನೀರು ಯಾಕೆ ಬೆಳ್ಳಗಾಗ್ತತಿ ಅಂತ ಪರಶುರಾಮ ಯೋಚ್ನೆ ಮಾಡಿದ. ಮಾಡ್ತಾ ಮಾಡ್ತಾ ಅಲ್ಲೇ ನೆಲಕ್ಕೆ ಕುಂತ. ಒರೆಸದೇ ಉಳಿದಿದ್ದ ಮಡಿಕೆ ತುದಿಯಾಗೆ ನೋಡಿದ, ಗೀಟಲ್ಲ ಅವು, ಅಕ್ಷರ. ಇಷ್ಟಿಷ್ಟೇ, ಜೋಳದ ಕಾಳಿನ ಹಂಗೆ ದುಂಡಗೆ.

ಆವಾಗ ಫೋನು ಬಡ್ಕಂತು. ಹೆಂಡ್ತಿ.

"ರೀ, ಪ್ರೆಸ್ಸಿನ ಪಕ್ಕ ಈರುಳ್ಳಿ ಸಿಪ್ಪೆಯಂಥ ತೆಳು ಕಾಗದ ಮೂರು ಇದಾವೆ ನೋಡಿ. ಕಸ ಅಂತ ಎಸೆದುಬಿಟ್ಟೀರಿ ಮಾರಾಯ್ರೆ. ಮೊದಲಿನ ಮೂರು ಪುಟದ ಮೇಲೆ ಹಾಸಿ ಪ್ರೆಸ್ಸಿಗೆ ಹಾಕಿದ್ದೆ. ಹವೆ ತಂಪಿಗೆ ಬಳಪ ಒಂದು ಪದರ ಕಾಗದಕ್ಕೆ ಅಂಟಿಬಿಟ್ಟಿದೆ, ಅಕ್ಷರ ಎಲ್ಲ ಉಲ್ಟಾ ಮೂಡಿದೆ. ಗುತ್ಯಪ್ಪಗೆ ಮುಚ್ಚಿಡಬಾರದು, ತೋರಿಸ್ಬೇಕು."

ಪರಶುರಾಮನ ಎದೆಯಾಗೆ ದೀಪ ಹಚ್ಚಿದಂಗಾತು. "ಹೌದಾ? ಅಂಟಿರದನ್ನ ಅದೇ ಪುಟದ ಮ್ಯಾಲೆ ಬೋರಲು ಹಾಕಿ ಒತ್ತಿದ್ರೆ ವಾಪಸ್ ಮೂಡ್ತತಾ?"

"ಮೂಡಬಹುದು. ಯಾಕೆ?"

"ಸುಮ್ನೆ."

"ನೀವು ಸುಮ್ನೆ ಏನೂ ಕೇಳೋರಲ್ಲ."

"ನೆಟ್‌ವರ್ಕ್ ಸರಿಯಿಲ್ಲ ಕಣೇ," ಅಂದು ಇಟ್ಟ. ನೆಟ್‌ವರ್ಕ್ ಎಷ್ಟು ಚಲೋ ಇತ್ತು ಅಂದ್ರೆ ಸೊರಬದಾಗೆ ಆಕಿ ಹಲ್ಲು ಕಡಿದಿದ್ದು ಇಲ್ಲಿ ಕೇಳಿಸ್ತು.

ಪ್ರೆಸ್ಸಿನ ಪಕ್ಕ ನೋಡಿದ. ಕಾಗದ ಇಲ್ಲ. ಎದೆಯಾಗಿನ ದೀಪ ಆರಿತು. ಯಾಕಂದ್ರೆ ಆ ಕಾಗದ ಎಲ್ಲಿಗೆ ಹೋತು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಪೊಟ್ಟಣ ಕಟ್ಟುವಾಗ ಹಳೇ ಪೇಪರು ಕಡಿಮೆ ಬಿದ್ದಿತ್ತು. ಕಡೇ ಮೂರು ಪೊಟ್ಟಣಕ್ಕೆ ಆ ತೆಳು ಕಾಗದಾನೇ ಸುತ್ತಿದ್ದ. ಒಂದು ಎದುರಿಗಿನ ಪಂಕ್ಚರ್ ಅಂಗಡಿ ನಾಗರಾಜಪ್ಪಗೆ. ಒಂದು ಹೂವಿನ ತಿಮ್ಮಮ್ಮಗೆ. ಇನ್ನೊಂದು ಸೊರಬದ ಬಸ್ಸಿನ ಕಂಡಕ್ಟರ್ ಮಾಳೇಶಗೆ.

ಪೂಜೆ ಮಂಡಕ್ಕಿ ಕೊಟ್ಟು ವಾಪಸ್ ಕೇಳಿದೋರು ಈ ತಾಲೂಕಿನಾಗೆ ಯಾರೂ ಇಲ್ಲ. ಕೇಳಿದ್ರೆ ಆ ಮನುಷ್ಯಗೆ ಮತ್ತೆ ಹೆಣ್ಣೂ ಕೊಡಲ್ಲ, ನೀರೂ ಕೊಡಲ್ಲ. ಪರಶುರಾಮ ರಸ್ತೆ ದಾಟಿದ.

ನಾಗರಾಜಪ್ಪ ಗಾಳಿ ಹೊಡೆಯೋ ಮಿಷನ್ನಿಗೆ ಹೂ ಹಾಕಿ ಅದರ ಮ್ಯಾಲೇ ಪೊಟ್ಟಣ ಇಟ್ಟಿದ್ದ, ನೈವೇದ್ಯಕ್ಕೆ.

"ಅಣ್ಣ, ಆ ಪೊಟ್ಟಣ ಒಂಚೂರು ಕೊಡು."

"ಏನ್ ಕೊಡ್ಲಿ?"

"ಪೊಟ್ಟಣ. ಮಂಡಕ್ಕಿ ನೀನೇ ಇಟ್ಕ, ಕಾಗದ ಸಾಕು."

"ಪೂಜೆ ಮಂಡಕ್ಕಿ ಕೊಟ್ಟು ಕಾಗದ ವಾಪಸ್ ಕೇಳ್ತೀಯಲ್ಲೋ! ಬಡತನ ಇಷ್ಟು ಬಂತಾ ನಿನಗೆ?" ಅಂತ ನಾಗರಾಜಪ್ಪ ಕೈ ಚಾಚಿದ. ಟೈರಿನ ಕರಿ ಮೊಣಕೈಗಂಟ. ಆ ಹೆಬ್ಬೆಟ್ಟು ಕಾಗದಕ್ಕೆ ಇನ್ನು ಎಳ್ಳಷ್ಟು ದೂರ ಇರುವಾಗ ಪರಶುರಾಮ ತನ್ನ ಹೊಸ ಅಂಗಿಯ ಮುಂಭಾಗ ಚಾಚಿ ಪೊಟ್ಟಣಾನ ಅದರೊಳಗೆ ಉರುಳಿಸ್ಕಂಡ. ಮಂಡಕ್ಕಿ ಮಿಷನ್ನಿನ ಮ್ಯಾಲೆ ಸುರುವಿ, ಕಾಗದ ಎರಡು ಬೆರಳಾಗೆ ಎತ್ತಿ ಹಿಡಿದು, ಎಳೇ ಕೂಸು ಎತ್ಕಂಡಂಗೆ ನಡೆದ. ಬೆನ್ನ ಹಿಂದೆ ನಾಗರಾಜಪ್ಪ, "ಶಶಿರೇಖಮ್ಮಗೆ ಹೇಳ್ತೀನಿ ತಡಿ," ಅಂದಿದ್ದು ಅವನಿಗೆ ಕೇಳ್ಸಿತು. ಕಾಲು ಜೋರಾತು.

ತಿಮ್ಮಮ್ಮ ಚೆಂಡು ಹೂವಿನ ಮ್ಯಾಲೆ ನೀರು ಚಿಮುಕಿಸ್ತಾ ಕುಂತಿದ್ಲು. ಬುಟ್ಟಿ ಒದ್ದೆ, ಗೋಣಿ ಒದ್ದೆ, ನೆಲ ಒದ್ದೆ. ಪರಶುರಾಮ ತುದಿಗಾಲಾಗೆ ನಿಂತ.

"ಅಮ್ಮ, ಮಂಡಕ್ಕಿ ಕಾಗದ?"

"ತಿಂದೆ ಕಣಪ್ಪ."

"ಕಾಗದನಾ?"

"ಮಂಡಕ್ಕಿನ! ಕಾಗದ ಬಾಳ ನಾಜೂಕಾಗಿತ್ತು, ರೇಷ್ಮೆ ಇದ್ದಂಗೆ. ಎಲೆಡಿಕೆ ಸಂಚಿಯಾಗೆ ಹಾಸ್ಕಂಡೀನಿ." ಸಂಚಿ ಬಿಚ್ಚಿದ್ಲು. ಕಾಗದದ ಮ್ಯಾಲೆ ಎಲೆ, ಎಲೆ ಪಕ್ಕ ಸುಣ್ಣದ ಡಬ್ಬಿ, ಡಬ್ಬಿ ಮುಚ್ಚಳ ಸಡಿಲ. ಸುಣ್ಣ ಒಂದು ಮೂಲೆಗೆ ಮಾತ್ರ ತಾಗಿತ್ತು. ಪರಶುರಾಮ ಅಲ್ಲೇ ಆಕಿ ಕಾಲಿಗೆ ಬಿದ್ದ. ತಿಮ್ಮಮ್ಮ, "ದಸರಾ ಅಂದ್ರೆ ಹಿಂಗಿರಬೇಕು, ಹಿರೇರ ಮ್ಯಾಲೆ ಭಕ್ತಿ," ಅಂತ ತಲೆ ಮ್ಯಾಲೆ ಕೈಯಿಟ್ಟು ಕಾಗದ ಕೊಟ್ಲು.

ಎರಡೂ ಕಾಗದ ಒಣ ರಟ್ಟಿನ ನಡುವೆ ಇಟ್ಟು ಸ್ಕೂಟರ್ ಎತ್ತಿದ. ಸೊರಬದ ಬಸ್ಸು ಹೋಗಿ ಆಗ್ಲೇ ಬಾಳ ಹೊತ್ತಾಗಿತ್ತು. ಮಾಳೇಶ ಹಸಿದ್ರೆ? ತಿಂದು ಕಿಟಕಿಯಾಗೆ ಕಾಗದ ಬಿಟ್ರೆ? ರಸ್ತೆ ಎರಡೂ ಕಡೆ ಬಿಳೀ ಕಾಗದ ಕಂಡಲ್ಲೆಲ್ಲ ಎದೆ ಹಾರ್ತಿತ್ತು. ಒಂದು ಕಡೆ ಬೆಳ್ಳಕ್ಕಿ ಕುಂತಿತ್ತು, ಅದಕ್ಕೂ ಬ್ರೇಕ್ ಹಾಕಿದ. ಆಮ್ಯಾಲೆ ಹೊಡೆದ ನೋಡ್ರಿ ಗಾಡಿ, ನೆರಳು ಹಿಂದೆ ಉಳಿದು, ಅವನು ಶಿರಾಳಕೊಪ್ಪ ಮುಟ್ಟಿ ಗಾಡಿ ಸ್ಟ್ಯಾಂಡ್ ಹಾಕಿದ ಮ್ಯಾಲೆ ಏದುಸಿರು ಬಿಡ್ತಾ ಬಂದು ಸೇರ್ಕಂತು. ಅಲ್ಲಿ ಬಾಳೆಕಂಬ ಕಟ್ಕಂಡ ಬಸ್ಸು ಇನ್ನೂ ನಿಂತಿತ್ತು.

"ಮಾಳೇಶ! ಮಂಡಕ್ಕಿ?"

"ಅಯ್ಯ, ನಾನು ಉಪಾಸ ಕಣಣ್ಣ. ಅಗೋ, ಕಂಬಳಿ ಹೊದ್ದು ಕುಂತಾರಲ್ಲ ಯಜಮಾನ್ರು, ಶಿಕಾರಿಪುರದ ಬಸ್ಸಿಗೆ ಕಾಯ್ತಿದ್ರು. ಹಸಿದಂಗಿದ್ರು, ಕೊಟ್ಟೆ."

ಪರಶುರಾಮ ತಿರುಗಿ ನೋಡಿದ. ಕಲ್ಲು ಕಟ್ಟೆ ಮ್ಯಾಲೆ ಕಂಬಳಿ, ಕೋಲು, ಕುದುರೆ ಬಾಲದಂಥ ಮೀಸೆ. ಬಾಯಿ ಆಡ್ತಿತ್ತು. ಗುತ್ಯಪ್ಪ.

"ಓಹೋ, ಪರಶುರಾಮಣ್ಣ! ನನ್ನ ಕರಕಂಡು ಹೋಗಾಕೆ ಗಾಡಿ ತಂದ್ರಾ? ಬಾಳ ದೊಡ್ಡ ಮನಸು." ಅಂದು ಗುತ್ಯಪ್ಪ ಪೊಟ್ಟಣ ಸಮೇತ ಸ್ಕೂಟರ್ ಹಿಂದೆ ಹತ್ತಿ ಕುಂತ.

ಹೇಳಬೇಕಂದ್ರೆ ಆತನ ಕೈಯಾಗೆ ಕೋಲು. ಹೇಳದೇ ಇದ್ರೆ ಹಿಂದೆ ಕರಂ ಕರಂ ಅಂತ ಸಪ್ಪಳ. ಆ ಸಪ್ಪಳ ಇರಾಗಂಟ ಕಾಗದ ಐತಿ ಅಂತ ಲೆಕ್ಕ. ಪರಶುರಾಮನ ಒಂದು ಕಣ್ಣು ರಸ್ತೆ ಮ್ಯಾಲೆ, ಇನ್ನೊಂದು ಕನ್ನಡಿಯಾಗೆ.

"ನಿಧಾನ ತಿನ್ರಿ, ಗುತ್ಯಪ್ನೋರೆ."

"ಕಡತ ರೆಡಿ ಐತಾ?"

"ರೆಡಿ... ಆಗ್ತತಿ."

ಸಪ್ಪಳ ನಿಂತಿತು. ಕನ್ನಡಿಯಾಗೆ ನೋಡ್ತಾನೆ, ಗುತ್ಯಪ್ಪ ಕಾಗದಾನ ಎಸೆಯಾಕೆ ಕೈ ಎತ್ತೈದಾನೆ.

"ಎಸೀಬ್ಯಾಡ್ರಿ! ದಂಡ ಹಾಕ್ತಾರೆ!"

"ಹೊಲದಾಗಾ?"

"ಹೊಲದಾಗೂ!"

"ಏನು ಕಾಲ ಬಂತಪ್ಪ," ಅಂದ ಗುತ್ಯಪ್ಪ. ಕಾಗದಾನ ಜೇಬಿಗೆ ಇಟ್ಕಳೋಕೆ ಮುಂಚೆ, ಆ ಕಡೆ ಒಂದು ಈ ಕಡೆ ಒಂದು, ಬೆಲ್ಲ ಮೆತ್ತಿದ ಮೀಸೆನ ಅದೇ ಕಾಗದದಾಗೆ ನೀಟಾಗಿ ಒರೆಸ್ಕಂಡ. ಸ್ಕೂಟರ್ ಹಾವಿನಂಗೆ ಹರಿದಾಡ್ತು.

ಅಂಗಡಿಗೆ ಬಂದ್ರೆ ಬಾಗಿಲಾಗೇ ಶಶಿರೇಖಾಳ ಚಪ್ಪಲಿ. ಗಂಡನ ಆ "ಸುಮ್ನೆ" ಕೇಳಿ ಅನುಮಾನ ಬಂದು, ಸಿಕ್ಕ ಕಾರು ಹತ್ತಿ ಸೊರಬದಿಂದ ಮೊದಲೇ ಬಂದು ಮುಟ್ಟಿದ್ಲು. ಕಡತದ ಮುಂದೆ ನಿಂತಿದ್ಲು. ಮೂರು ಕರೇ ಪುಟ, ಮೂರು ಸಾಲು ವಿಭೂತಿ. ಆಕಿ ಬೈದಿದ್ರೆ ಪರಶುರಾಮ ಬದುಕ್ತಿದ್ದ. ಬೈಯಲಿಲ್ಲ.

"ನಾನೇ ಒರೆಸಿದೆ," ಅಂದ ಪರಶುರಾಮ, ಇಬ್ರಿಗೂ ಕೇಳಂಗೆ.

ಗುತ್ಯಪ್ಪ ಬಗ್ಗಿ ನೋಡಿದ. ಬಾಳ ಹೊತ್ತು ನೋಡಿದ. ಆಮ್ಯಾಲೆ ಸ್ಟೂಲ್ ಎಳ್ಕಂಡು ಕುಂತು, ಕೋಲು ತೊಡೆ ಮ್ಯಾಲೆ ಅಡ್ಡ ಇಟ್ಕಂಡ.

"ಶಶಿರೇಖಮ್ಮ, ಫೋಟೋ ಹೊಡೀಬ್ಯಾಡ ಅಂದೆ, ಹೊಡೀಲಿಲ್ಲ. ನಕಲು ಮಾಡಬ್ಯಾಡ ಅಂದೆ, ಮಾಡ್ಲಿಲ್ಲ. ಒರೆಸಬ್ಯಾಡ ಅಂತಾನೂ ನಾನೇ ಹೇಳಬೇಕಿತ್ತೇನವ್ವ?"

ಆಕಿ ಗಂಡನ ಕಡೆ ಕೈ ಚಾಚಿದ್ಲು. ರಟ್ಟಿನ ನಡುವಿನ ಎರಡು ಕಾಗದ ಕೊಟ್ಟ. "ಇನ್ನೊಂದು?" ಗುತ್ಯಪ್ಪನ ಜೇಬಿನ ಕಡೆ ಬೆರಳು ತೋರ್ಸಿದ. ಅದನ್ನ ಇಸ್ಕಂಡು ಬಿಡಿಸಿ ನೋಡಿ ಶಶಿರೇಖಾ ಕಣ್ಣು ಮುಚ್ಚಿ ತೆಗೆದ್ಲು, ಅಷ್ಟೇ. "ಯಜಮಾನ್ರೇ, ಇದರಲ್ಲಿ ನಿಮ್ಮ ಪದ ಉಲ್ಟಾ ಅಂಟಿದೆ. ತಿರುಗಿ ಪುಟಕ್ಕೆ ಒತ್ತಿ ನೋಡ್ತೀನಿ. ಒಂದೇ ಸಲ ಆಗೋದು. ಕೆಟ್ರೆ ಕಾಗದದ್ದೂ ಹೋಯ್ತು, ಪುಟದ್ದೂ ಹೋಯ್ತು. ನೀವು ಹೂಂ ಅಂದ್ರೆ ಮಾಡ್ತೀನಿ."

ಹೊರಗೆ ಯಾರೋ ಲಾರಿಗೆ ಕುಂಬಳಕಾಯಿ ಒಡೆದ್ರು. ಮೂರೂ ಜನ ಬೆಚ್ಚಿಬಿದ್ರು.

"ಹೂಂ," ಅಂದ ಗುತ್ಯಪ್ಪ.

ಒಣ ಬ್ರಷ್ಷಿನಾಗೆ ವಿಭೂತಿ ಝಾಡಿಸಿದ್ಲು. ಹುಣಸೆಬೀಜದ ಹಿಟ್ಟು ಕಾಸಿ, ನೀರಿನಷ್ಟು ತೆಳು ಸರಿ ಮಾಡಿ, ಮೊದಲ ಪುಟಕ್ಕೆ ಸವರಿದ್ಲು. ಅದು ಇನ್ನೇನು ಒಣಗಬೇಕು ಅನ್ನೋ ಕ್ಷಣಕ್ಕೆ ಕಾಗದ ಬೋರಲು ಹಾಕಬೇಕು. ಮೊದಲೇ ಹಾಕಿದ್ರೆ ಬಳಪ ಕರಗ್ತತಿ, ತಡ ಆದ್ರೆ ಹತ್ತಲ್ಲ. ಆಕಿ ಬೆರಳ ಹಿಂಭಾಗ ಪುಟದ ಅಂಚಿಗೆ ತಾಗಿಸಿ ತಾಗಿಸಿ ನೋಡ್ತಿದ್ಲು. ಪರಶುರಾಮ ಫ್ಯಾನ್ ಆರಿಸಿ, ಉಸಿರೂ ಆರಿಸಿ ನಿಂತಿದ್ದ. ತಾಗಿಸಿದ್ಲು, ತೆಗೆದ್ಲು. ತಾಗಿಸಿದ್ಲು, ಕಾಗದ ಇಳಿಸಿದ್ಲು. ಕವಡೆ ಬೆನ್ನಾಗೆ ನಡುವಿನಿಂದ ಅಂಚಿಗೆ ಮೆಲ್ಲಗೆ ಉಜ್ಜಿದ್ಲು. ಒಂದು ಮೂಲೆ ಹಿಡಿದು ಎತ್ತಿದ್ಲು.

ಕರೇ ಪುಟದ ಮ್ಯಾಲೆ ಜೋಳದ ಕಾಳು ಒಂದೊಂದೇ ಮೂಡಿ ಕುಂತಿದ್ವು. ಮಂಜಿನಾಗೆ ಕಂಡಂಗೆ, ಮಾಸಲು, ಆದ್ರೆ ಓದಾಕೆ ಬರಂಗೆ.

ಗುತ್ಯಪ್ಪನ ಕೋಲು ತೊಡೆಯಿಂದ ನೆಲಕ್ಕಿಳೀತು.

ಎರಡನೇದೂ ಬಂತು, ತಿಮ್ಮಮ್ಮನ ಸುಣ್ಣ ಒಂದು ಮೂಲೆಯಾಗೆ ಚಂದ್ರನಂಗೆ. ಮೂರನೇದು ಎತ್ತಿದಾಗ ಶಶಿರೇಖಾ ಕೈ ನಿಂತುಬಿಟ್ತು. ಸಾಲು, ಸಾಲು, ಆಮ್ಯಾಲೆ ಒಂದು ಸಾಲಿನ ಜಾಗ ಖಾಲಿ, ಮತ್ತೆ ಸಾಲು.

ಪರಶುರಾಮ ಆಕಿ ಕಿವಿ ಹತ್ರ ಬಗ್ಗಿ ಪಿಸುಗುಟ್ಟಿದ: "ಏನಾರ ಒಂದು ಬರ್ದುಬಿಡೇ. ಕುರಿ, ಮಳೆ, ಹುಲ್ಲು ಅಂತ. ಬಳಪ ಅಲ್ಲೇ ಐತಿ. ಯಾರಿಗೆ ತಿಳೀತತಿ?"

"ನನಗೆ," ಅಂದ್ಲು. ಗಟ್ಟಿಯಾಗೇ ಅಂದ್ಲು. "ಯಜಮಾನ್ರೇ, ಒಂದು ಸಾಲು ಬಂದಿಲ್ಲ. ನನ್ನ ಅಂಗಡಿಯಲ್ಲಿ ಹಾಳಾಗಿದ್ದು, ತಪ್ಪು ನಂದೇ."

"ಎಲ್ಲಿಗೆ ಹೋತು ಅದು?"

ಆಕಿ ಬೆರಳು ಎತ್ತಿ ತೋರ್ಸಿದ್ಲು. "ನಿಮ್ಮ ಮೀಸೆ ಮೇಲೆ ಇದೆ."

ಗುತ್ಯಪ್ಪ ಎದ್ದ. ಗೋಡೆಗೆ ತೂಗಿದ ಕನ್ನಡಿ ಮುಂದೆ ನಿಂತು ಆ ಕಡೆ ಮುಖ ತಿರುಗಿಸಿದ, ಈ ಕಡೆ ತಿರುಗಿಸಿದ. ಕರೇ ಮೀಸೆ ಮ್ಯಾಲೆ ಬೆಳ್ಳಗೆ ಬಳಪದ ಗುರುತು, ಬೆಲ್ಲದ ಅಂಟಿಗೆ ಕಚ್ಚಿ ಹಿಡ್ಕಂಡಿತ್ತು. ಪರಶುರಾಮ ಬಾಗಿಲು ಎಷ್ಟು ದೂರ ಐತಿ ಅಂತ ಅಳತೆ ಹಾಕಿದ.

"ಹಾಂಗಾದ್ರೆ," ಅಂದ ಗುತ್ಯಪ್ಪ ಕನ್ನಡಿಯಿಂದ ಕಣ್ಣು ತೆಗೀದೇ, "ನಮ್ಮ ಕಟ್ಟಳೆ ನೋಡಿ ಓದಬೇಕು ಅಂತ. ಕಡತದಾಗೇ ನೋಡಬೇಕು ಅಂತ ಯಾವ ಹಿರೇನೂ ಹೇಳಿಲ್ಲ. ನಾಳೆಗಂಟ ಮುಖ ತೊಳಿಯಾದಿಲ್ಲ. ಒಂದು ಕನ್ನಡಿ ಹಿಡ್ಕಂಡು ನಿಂತ್ರಾತು." ಆಮ್ಯಾಲೆ ತಿರುಗಿದ. "ಖಾಲಿ ಬಿಟ್ಟೆಯಲ್ಲ ತಾಯಿ, ಅದಕ್ಕೆ ಒಪ್ಪಿದೆ. ಏನಾರ ಗೀಚಿದ್ರೆ ನಾಳೆ ನಾನು ಕುರಿಗೆ ಸುಳ್ಳು ಹೇಳಿದಂಗಾಗ್ತಿತ್ತು. ಬನ್ನಿ ಮುಗಿದ ಮ್ಯಾಲೆ ಮತ್ತೆ ತಂದು ಕೊಡ್ತೀನಿ, ಉಳಿದ ಮಡಿಕೆ ಹೊಲಿ. ಇವನ ಕೈಗೆ ಮಾತ್ರ ನೀರು ಕೊಡಬ್ಯಾಡ."

ಶಶಿರೇಖಾ ಮಡಿಕೆ ಮಡಿಕೆಗೂ ಹೊಸ ಕಾಗದ ಇಟ್ಟು, ರಟ್ಟಿನ ಡಬ್ಬಿಯಾಗೆ ಕಡತ ಇಳಿಸಿ, ಕಸೆ ಕಟ್ಟಿ ಕೊಟ್ಲು. ಗುತ್ಯಪ್ಪ ಅದನ್ನ ಕಂಬಳಿಯಾಗೆ ಸುತ್ಕಂಡು, ಮೀಸೆಗೆ ಗಾಳಿ ತಾಗದಂಗೆ ಅಂಗೈ ಅಡ್ಡ ಹಿಡ್ಕಂಡು ಹೊಂಟ. ಆಮ್ಯಾಲೆ ಶಶಿರೇಖಾ ಗಂಡನ ಕಡೆ ತಿರುಗಿದ್ಲು. ಅಲ್ಲಿ ಏನಾತು ಅನ್ನಾದು ಸಂಸಾರದ ಮಾತು, ಬ್ಯಾಡ.

ಮರುದಿನ ಬನ್ನಿ. ಮಂದೆ ಸೇರೈತಿ. ಗುತ್ಯಪ್ಪ ಒಂದು ಕೈಯಾಗೆ ಕಡತ, ಇನ್ನೊಂದರಾಗೆ ಕನ್ನಡಿ ಹಿಡ್ಕಂಡು ಓದ್ತಾ ಓದ್ತಾ ಆ ಖಾಲಿ ಸಾಲಿಗೆ ಬಂದ. ಕನ್ನಡಿ ಎತ್ತಿದ. ರಾತ್ರಿ ಮಲಗಿದಾಗ ಕಂಬಳಿಗೆ ಉಜ್ಜಿ ಅರ್ಧ ಅಕ್ಷರ ಹೋಗ್ಬಿಟ್ಟಾವೆ. ಹಟ್ಟಿಗೆ ಹಟ್ಟಿನೇ ಉಸಿರು ಹಿಡಿದು ನಿಂತೈತಿ. ಆವಾಗ ಮಂದೆ ನಡುವಿನಿಂದ ಒಂದು ಮುದಿ ಟಗರು ಸೀದಾ ಎದ್ದು ಬಂತು, ಗುತ್ಯಪ್ಪನ ಮುಂದೆ ನಿಂತು ಅವನ ಮೀಸೆ ನೋಡ್ತು, ಗಂಟಲು ಸರಿಮಾಡ್ಕಂತು. ಸರಿಮಾಡ್ಕಂಡು ಆ ಸಾಲನ್ನ, ಕೇಳ್ರಿ, ಸ್ಪಷ್ಟವಾಗಿ, ರಾಗ ಸಮೇತ... ಯಾಕ್ರೀ ವೀರಬಸಪ್ನೋರೆ, ಎದ್ರಿ? ಚಾ ಅರ್ಧ ಐತಲ್ರೀ. ರೀ! ಟಗರು ಏನಂತು ಅಂತ ಕೇಳ್ಕಂಡಾದ್ರೂ ಹೋಗ್ರಿ, ಅದು ಹೇಳಿದ್ದು ಏನಪ್ಪ ಅಂದ್ರೆ... ಅರೆ, ಈ ಬೆಂಚು ಯಾಕೆ ವಾಲ್ತತಿ?